ನನ್ನ ಹೆಸರಲ್ಲಿ ಹಣ್ಣು ಕಿತ್ತವಳು

ಮೊನ್ನೆ ಆಸ್ಪತ್ರೆಯ ಆ ಕನ್ನಡಕದ ಯಂತ್ರ ಊರೂರ ರೋಗಿಗಳ ಮನೆ ತಿರುಗಿ ಮತ್ತೆ ನಮ್ಮ ಮನೆಗೆ ಬಂತು. ಡಬ್ಬಿ ಬಿಚ್ಚಿ ಮುಖಕ್ಕೆ ಹಿಡಿದರೆ, ಹಣೆಗೆ ಒತ್ತುವ ಸ್ಪಂಜಿನಿಂದ ಕರಿಬೇವು ಹಾಕಿ ಕುದಿಸಿದ ಕೊಬ್ಬರಿ ಎಣ್ಣೆಯ ವಾಸನೆ! ಚಿತ್ತಾಪುರದವರ ತಲೆಯದೋ, ಸೇಡಂನವರದೋ... ನನಗಂತೂ ಮೈಯೆಲ್ಲ ಉರಿಯಿತು. ಎರಡು ವರ್ಷದ ಹಿಂದೆ ಇದೇ ವಾಸನೆ ಹೊತ್ತು ದಿನಾ ನನ್ನ ಹೊಸ್ತಿಲು ದಾಟುತ್ತಿದ್ದ ಪಕ್ಕದ ಮನೆಯವಳು ನೆನಪಾದಳು.

ಆಗ ನನಗೆ ಲಕ್ವ ಹೊಡೆದು ಎರಡು ತಿಂಗಳಾಗಿತ್ತು. ಕಾಲು ಮನೆಯೊಳಗೆ ಓಡಾಡುವಷ್ಟು ಸುಧಾರಿಸಿತ್ತು, ಬಲಗೈ ಇಲ್ಲ. ವಾಡಿಯ ಕ್ವಾರ್ಟರ್ಸಿನ ಅರ್ಧ ಹೆಂಗಸರಿಗೆ ಕುಪ್ಪಸ ಹೊಲಿದುಕೊಟ್ಟವಳು ನಾನು. ಕತ್ತರಿ ಹಿಡಿಯಲಾರದ ಕೈ ಇದ್ದರೇನು, ಬಿಟ್ಟರೇನು? ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವ ಮೇಡಂ ಈ ಯಂತ್ರ ಕೊಟ್ಟು ಕಳಿಸಿದರು. ಕಣ್ಣಿಗೆ ಕಟ್ಟಿಕೊಂಡರೆ ಎದುರಿಗೊಂದು ಪೇರಲ ಗಿಡ ಕಾಣುತ್ತದೆ. ಬಲಗೈಗೆ ಹಿಡಿಕೆ ಬಿಗಿದುಕೊಂಡು, ತೋಳೆತ್ತಿ ಹಣ್ಣು ಕಿತ್ತು ಬುಟ್ಟಿಗೆ ಹಾಕಬೇಕು, ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ. ಎಷ್ಟು ಕಿತ್ತೆ ಎಂಬುದು ತಾನಾಗಿಯೇ ಮೇಡಂಗೆ ಹೋಗುತ್ತದೆ. ಹೆಚ್ಚು ಕಿತ್ತಷ್ಟೂ ಯಂತ್ರ ಕೊಂಬೆಯನ್ನು ಮೇಲೇರಿಸುತ್ತದೆ. "ಈ ಮೊದಲಿನ ನಾಕಾರು ತಿಂಗಳದಾಗೇ ಕೈ ತಿರುಗೋದು, ಒಂದಿನಾನೂ ಬಿಡಬ್ಯಾಡ್ರಿ" ಎಂದಿದ್ದರು.

ನನ್ನ ಗಂಡ ಸಿಮೆಂಟ್ ಫ್ಯಾಕ್ಟರಿಗೆ ಹೋದರೆ ಸಂಜೆಯೇ ಬರುವುದು. ಯಂತ್ರ ಕಟ್ಟಿಕೊಡಲು ಪಕ್ಕದವಳು ತಾನಾಗಿ ಬಂದಳು. ಅರವತ್ತರ ವಿಧವೆ, ಸತ್ತ ಗಂಡ ರೈಲ್ವೆಯಲ್ಲಿದ್ದವನು. ಕರೆಯದೆ ಬರುವುದು, ಕೇಳದೆ ನನ್ನ ಡಬ್ಬಿಗಳ ಜಾಗ ಬದಲಿಸುವುದು, ನನ್ನ ಬಾಯಿ ಸೊಟ್ಟಗಾದದ್ದನ್ನು ಕ್ವಾರ್ಟರ್ಸಿನ ಇಡೀ ಸಾಲಿಗೆ ನಟಿಸಿ ತೋರಿಸುವುದು... ಎಲ್ಲ ಅವಳೇ. ನಾನು ಹೊತ್ತ ಸೋಮವಾರದ ಹರಕೆಯನ್ನೂ ಅವಳೇ ಕಿತ್ತುಕೊಂಡಳು. ಐದು ಸೋಮವಾರ ಒಪ್ಪತ್ತು ಉಂಡು, ಬರಿಗಾಲಲ್ಲಿ ಗುಡಿಗೆ ನಡೆದು ಬಂದು, "ನಿನ್ನ ಹೆಸರಲೆ ಮುಟ್ಟಿಸಿ ಬಂದೀನಿ ತಂಗಿ" ಎಂದಿದ್ದಳು. ನಡೆಯಲಾರದವರ ಹರಕೆಯನ್ನು ಇನ್ನೊಬ್ಬರು ತೀರಿಸುವುದು ನಮ್ಮಲ್ಲಿ ಇದ್ದದ್ದೇ. ಹಾಗಾಗಿ ನಾನೂ ಸುಮ್ಮನಿದ್ದೆ.

ಮೊದಲ ವಾರ ಬೆಳಿಗ್ಗೆ ಎಂಟು ಹಣ್ಣು ಕಿತ್ತೆ. ಮೂರನೆಯ ವಾರಕ್ಕೆ ಎರಡು. ಕೊಂಬೆ ದಿನದಿನಕ್ಕೆ ಮೇಲೆ ಮೇಲೆ ಹೋಗುತ್ತಿತ್ತು, ನನ್ನ ತೋಳು ಎದೆಮಟ್ಟ ದಾಟುತ್ತಿರಲಿಲ್ಲ. ಕನ್ನಡಕದೊಳಗೇ ಅತ್ತಿದ್ದೇನೆ. "ಅಳಬ್ಯಾಡ, ನಾ ಅದೀನಲ್ಲ" ಎನ್ನುತ್ತಿದ್ದಳು ಅವಳು. ಮಧ್ಯಾಹ್ನ ಗುಳಿಗೆ ನುಂಗಿದರೆ ಕಣ್ಣು ಎಳೆಯುತ್ತಿತ್ತು. "ಮಲಕ್ಕೋ, ಎದ್ದ ಮ್ಯಾಲ ಮಾಡೀವಂತ" ಎನ್ನುತ್ತಿದ್ದಳು. ಏಳುವಷ್ಟರಲ್ಲಿ ಸಂಜೆ. ಸ್ಪಂಜಿಗೆ ಎಣ್ಣೆ ವಾಸನೆ ಬಂದಾಗಲೂ, ಒರೆಸಿಟ್ಟಿರಬೇಕು ಪಾಪ ಅಂದುಕೊಂಡೆ. ಪಾಪವಂತೆ!

ಆರನೆಯ ವಾರ ಮೇಡಂ ಫೋನ್ ಮಾಡಿದರು. "ನಿಮ್ಮ ಕೈ ಭಾಳ ಚಲೋ ಆಗ್ಯಾದರಿ, ಯಂತ್ರ ಬ್ಯಾರೆಯವರಿಗೆ ಬೇಕಾಗ್ಯಾದ" ಎಂದರು. ಇಲ್ಲ ಮೇಡಂ, ಕೈ ಏಳಲೊಲ್ಲದು ಎಂದು ಎಷ್ಟು ಹೇಳಿದರೂ, ರಿಪೋರ್ಟ್ ಹಾಗಿಲ್ಲವಲ್ಲ ಎಂದು ನಕ್ಕರು. ಮರುದಿನ ಆಳು ಬಂದು ಡಬ್ಬಿ ಒಯ್ದ. ಅದರ ಹಿಂದೆಯೇ ಪಕ್ಕದವಳು ಸಿಹಿ ಹಂಚಲು ಬಟ್ಟಲಲ್ಲಿ ಮಾದಲಿ ಹಿಡಿದು ಬಂದಳು.

"ನೀ ಮಲಗಿದಾಗ ದಿನಾ ನಾನೇ ಯಂತ್ರ ಕಟ್ಕೊಂಡು ಹಣ್ಣು ಹರೀತಿದ್ದೆ ತಂಗಿ. ಎಲ್ಲಾ ನಿನ್ನ ಹೆಸರಲೆ! ಕಡೀಗೆ ಒಂದು ಹಣ್ಣೂ ಬಿಡಲಿಲ್ಲ ನೋಡು."

ಕೊಂಬೆ ಏಕೆ ಮುಗಿಲು ಮುಟ್ಟಿತ್ತೆಂದು ಆಗ ತಿಳಿಯಿತು. ಎಡಗೈಯಲ್ಲಿ ಬಟ್ಟಲು ಕಸಿದು ಅಂಗಳಕ್ಕೆ ಎಸೆದೆ. "ಹಾಳಾಗಿ ಹೋಗು! ನಿನ್ನ ಕೈ ಗಟ್ಟಿ ಆತು, ನನ್ನ ಕೈ ತಿಂದಿ!" ಎಂದು ಸಾಲಿಗೆ ಸಾಲೇ ಕೇಳುವಂತೆ ಕಿರುಚಿದೆ. ಅವಳು ಅಂಗಳಕ್ಕಿಳಿದು ಚೆಲ್ಲಿದ ಮಾದಲಿಯನ್ನು ಬಟ್ಟಲಿಗೆ ತುಂಬತೊಡಗಿದಳು. "ಹರಕಿ ನಡೀತದ, ಇದ್ಯಾಕ ನಡ್ಯಂಗಿಲ್ಲ?" ಎಂದು ಮೆಲ್ಲಗೆ ಕೇಳಿದಳು.

ಮೇಡಂಗೆ ನಿಜ ಹೇಳಿದೆ. ಯಂತ್ರ ಅಷ್ಟರಲ್ಲಿ ಚಿಂಚೋಳಿ ಕಡೆ ಹೋಗಿತ್ತು. ನನ್ನ ಹೆಸರು ಪಟ್ಟಿಯ ಕೊನೆಗೆ ಬಿತ್ತು. ಭುಜ ಬಿಗಿಯುತ್ತ ಬಂತು, ಹೊಲಿಗೆ ಯಂತ್ರ ಮಾರಿದೆ. ಪಕ್ಕದವಳು ಎಷ್ಟೋ ಸಲ ಬಾಗಿಲು ಬಡಿದಳು. ನಾನು ತೆರೆಯಲಿಲ್ಲ.

ಈ ಶ್ರಾವಣದಲ್ಲಿ ಅವಳು ತೀರಿಕೊಂಡಳು. ಹೋಗಬಾರದೆಂದೇ ಇದ್ದೆ, ಹೋದೆ. ನಮ್ಮ ಪದ್ಧತಿಯಂತೆ ವಿಭೂತಿ ಹಚ್ಚಿ, ಹೆಣವನ್ನು ಕಟ್ಟೆಯ ಮೇಲೆ ಗೋಡೆಗೆ ಆನಿಸಿ ಕೂರಿಸಿದ್ದರು. ಎಲ್ಲರೂ ಕೊರಳಿಗೆ ಮಾಲೆ ಹಾಕುತ್ತಿದ್ದರು. ನನ್ನ ಕೈ ಅಷ್ಟೆತ್ತರಕ್ಕೆ ಏಳಲಿಲ್ಲ. ಅವಳ ಸೊಸೆ ಕೈ ಚಾಚಿ, "ತರ್ರಿ ಇತ್ತ, ನಿಮ್ಮ ಹೆಸರಲೆ ನಾ ಹಾಕ್ತೀನಿ" ಎಂದಳು.

"ಬ್ಯಾಡ!" ಎಂದೆ, ಜನ ತಿರುಗಿ ನೋಡುವಷ್ಟು ಜೋರಾಗಿ. ಮಾಲೆಯನ್ನು ಸತ್ತವಳ ತೊಡೆಯ ಮೇಲೆ ಇಟ್ಟು ಬಂದೆ. ಅಲ್ಲಿಗೇ ಎಟುಕಿದ್ದು.

ಸಿಟ್ಟು ಇನ್ನೂ ಇಳಿದಿಲ್ಲ. ಆದರೆ ಬೈಯಬೇಕೆಂದರೆ ಈಗ ಯಾರನ್ನು...

ಮೊನ್ನೆ ಬೆಳಿಗ್ಗೆ ಕನ್ನಡಕದೊಳಗೆ ಕೊಂಬೆ ಎಲ್ಲಕ್ಕಿಂತ ಕೆಳಗಿತ್ತು. ನಾಲ್ಕು ಹಣ್ಣು ಕಿತ್ತೆ. ಮಧ್ಯಾಹ್ನ ಗುಳಿಗೆ ನುಂಗಿ, ಅವಳು ಬರುತ್ತಿದ್ದ ದಿನಗಳಂತೆ ಬಾಗಿಲ ಚಿಲಕ ತೆಗೆದಿಟ್ಟು ಮಲಗಿದೆ. ಎದ್ದು ಕನ್ನಡಕ ಹಿಡಿದು ನೋಡಿದರೆ ಬುಟ್ಟಿಯಲ್ಲಿ ನಾಲ್ಕೇ ಇದ್ದವು.