ಕವಳಿ ಕಂಟಿ ಕಡಿದ ಕಾವಲುಗಾರ

ಮುಂಡರಗಿ ಸೀಮೆಯಲ್ಲಿ ಯಮನೂರಸಾಬ ಹೆಸರಾಗಿದ್ದು ಕಳೆ ತೆಗೆಯುವುದರಲ್ಲಿ. ಅವನು ಗೇಣಿಗೆ ಮಾಡಿದ ಹೊಲದಲ್ಲಿ ಹುಲ್ಲುಕಡ್ಡಿ ಸಿಗದು ಎನ್ನುತ್ತಿದ್ದರು. ಕುಕ್ಕರುಗಾಲಲ್ಲಿ ಕೂತು ಕಳೆ ಕೀಳಲು ಮೊಣಕಾಲು ಬಗ್ಗದಾದ ಮೇಲೆ ಹೊಲ ಬಿಟ್ಟು ಕಪ್ಪತಗುಡ್ಡದ ಒಂದು ಇಳಿಜಾರಿಗೆ ಕಾವಲುಗಾರನಾದ. ಅಲ್ಲಿ ಯಾರೂ ಸಸಿ ನೆಟ್ಟಿರಲಿಲ್ಲ, ಬೇಲಿಯನ್ನೂ ಹಾಕಿರಲಿಲ್ಲ. ಆಡುಗಳು ಎಂದಿನಂತೆ ಮೇಯ್ದರೂ ಯಾವ ಮರಗಳು ತಾವಾಗಿ ಹುಟ್ಟಿ ಉಳಿಯುತ್ತವೆ ಎಂದು ನೋಡುವುದಷ್ಟೇ ಅಲ್ಲಿ ನಡೆದಿದ್ದ ಸಂಶೋಧನೆಯ ಉದ್ದೇಶ. ಕಡಿಯುವವರನ್ನೂ ಬೆಂಕಿ ಹಚ್ಚುವವರನ್ನೂ ತಡೆಯುವುದು ಅವನ ಕೆಲಸ. ಗದಗಿನಿಂದ ಅನ್ನಪೂರ್ಣ ಎಂಬ ಸಂಶೋಧಕಿ ವರ್ಷಕ್ಕೊಮ್ಮೆ ಬಂದು ಮರಿಗಿಡಗಳನ್ನು ಎಣಿಸುತ್ತಿದ್ದಳು.

ಕಳೆದ ವರ್ಷ ಅವಳು ಬರುವ ಮುನ್ನಾದಿನ ಯಮನೂರಸಾಬನಿಗೆ ಆ ಜಾಗ ನೋಡಿ ನಾಚಿಕೆಯಾಯಿತು. ದಿಂಡಿಗ, ತುಗ್ಗಲಿ, ಶ್ರೀಗಂಧದ ಮರಿಗಳೆಲ್ಲ ಮುಳ್ಳಿನ ಕವಳಿ ಕಂಟಿಗಳೊಳಗೆ ಹುದುಗಿದ್ದವು. ಬೆಳೆಯೊಳಗಿನ ಕಸವೆಂದೇ ಬಗೆದು ಸಂಜೆಯವರೆಗೆ ಕಂಟಿಗಳನ್ನು ಕಡಿದು ಹಾಕಿದ. ಮರಿಗಿಡಗಳು ಬಯಲಲ್ಲಿ ಚೆನ್ನಾಗಿ ಕಂಡವು. ಮರುದಿನ ಬೆಳಿಗ್ಗೆ ಹೋದಾಗ ಉಳಿದದ್ದು ಬರೀ ಮೋಟು. ನೆರೆಮನೆಯ ಮೈಲಾರಪ್ಪನ ಆಡುಗಳು ಇನ್ನೂ ಅಲ್ಲೇ ಇದ್ದವು.

"ಮೈಲಾರಣ್ಣಾ, ನನ್ನ ಮನಿ ಮುಳುಗಿಸಿದ್ವಲ್ಲಪಾ ನಿನ್ನ ಆಡು!"

"ಲೇ ಯಮನೂರ, ಇಷ್ಟ ವರ್ಷ ಇದ ದಾರೀಲೆ ಹೋಗತಾವು, ಒಂದರ ಗಿಡಕ್ಕ ಬಾಯಿ ಹಾಕಿದ್ವೇನು? ಇವತ್ತ ನೀನ ಎಲಿ ಹಾಕಿ ಬಡಿಸಿಟ್ಟಿ. ಸಿಟ್ಟ ಮಾಡಿ ಉಣ್ಣದ ಎದ್ದು ಹೋಗಾಕ ಅವೇನು ಬೀಗರೇನು?"

ಒಂದು ಇಳಿಜಾರಿನ ಒಂದು ಘಟನೆಯಿಂದ ನಿಯಮ ಕಟ್ಟಲಾಗದು. ಆದರೆ ಆಡುಗಳೂ ಅವೇ, ದಾರಿಯೂ ಅದೇ, ಬದಲಾದದ್ದು ಕಂಟಿಯೊಂದೇ.

ಯಮನೂರಸಾಬ ಸುಮ್ಮನಿದ್ದರೆ ಸಾಕಿತ್ತು. ಕಡಿದವರೂ ಮೇಯಿಸಿದವರೂ ಒಬ್ಬರೇ, ಆಡು ಕಾಯುವವರೇ ಎಂದು ಯಾರಾದರೂ ಊಹಿಸುತ್ತಿದ್ದರು. ಆಗ ಅಲ್ಲಿ ಮೇಯಿಸುವುದು ನಿಲ್ಲುತ್ತಿತ್ತು. ಮೈಲಾರಪ್ಪನಿಗೆ ಬೇರೆ ಮೇವಿನ ಜಾಗವಿರಲಿಲ್ಲ. ನಿಜ ಹೇಳಿದರೆ ಕಾವಲಿನ ಕೆಲಸ ಹೋಗುತ್ತಿತ್ತು.

ಅನ್ನಪೂರ್ಣ ಬಂದವಳೇ ನಿಂತುಬಿಟ್ಟಳು. "ಇದೇನ್ರಿ ಕಾಕಾ? ಆಡು ಕಾಯೋರು ಕಂಟಿನೂ ಕಡದ್ರೇನು?"

ದೂರದಲ್ಲಿ ಮೈಲಾರಪ್ಪ ಆಡುಗಳನ್ನು ಒಟ್ಟುಗೂಡಿಸುತ್ತಿದ್ದ. ಇತ್ತ ನೋಡಲಿಲ್ಲ.

"ತಿಂದದ್ದು ಆಡು, ಅದು ಖರೆ ಐತ್ರಿ ಅಕ್ಕಾರ. ಕಂಟಿ ಕಡದಾಂವ ನಾನು. ನೀವು ಬರತೀರಂತ ಹಸನ ಮಾಡಿದ್ನಿರಿ."

"ಹೊಲಾ ಅಂತ ತಿಳಕೊಂಡ್ರೇನು?"

"ಹೂನ್ರಿ," ಎಂದ.

ಆ ವರ್ಷದ ಎಣಿಕೆಯಿಂದ ಇಳಿಜಾರಿನ ಆ ತುಂಡನ್ನು ಕೈಬಿಡಲಾಯಿತು. ಯಮನೂರಸಾಬನ ಕೆಲಸವೂ ಹೋಯಿತು. ಮೇಯಿಸುವುದಕ್ಕೆ ಯಾರೂ ಅಡ್ಡಬರಲಿಲ್ಲ. ಮಳೆ ಬಿದ್ದ ಮೇಲೆ ಕವಳಿ ಮೊದಲು ಚಿಗುರಿತು; ದಿಂಡಿಗದ ಕೆಲವು ಮೋಟುಗಳಲ್ಲೂ ಎಲೆ ಕಾಣಿಸಿತು. ಗಂಧದ ಮರಿಗಳು ಮತ್ತೆ ಏಳಲಿಲ್ಲ.

ಈಗ ಅವನು ಮೈಲಾರಪ್ಪನ ಜೊತೆ ಆಡು ಹೊಡೆದುಕೊಂಡು ಅದೇ ಗುಡ್ಡ ಹತ್ತುತ್ತಾನೆ. ಕೂತಲ್ಲೆಲ್ಲ ಅವನ ಕೈ ಪಕ್ಕದ ಮುಳ್ಳಿನ ಚಿಗುರನ್ನು ಕೀಳಲು ತಾನಾಗಿ ಹೋಗುತ್ತದೆ.

"ಕೈ! ಕೈ!" ಎಂದು ಮೈಲಾರಪ್ಪ ಆಡನ್ನು ಗದರುವ ದನಿಯಲ್ಲೇ ಕೂಗುತ್ತಾನೆ.