ಟ್ಯಾಂಕಿನ ಮುಚ್ಚಳದ ಕುಂಕುಮ

೧೯೬೬ರಲ್ಲಿ ನಾನು ಜಯನಗರದ ಒಂದು ಸಣ್ಣ ಗ್ಯಾರೇಜಿನಲ್ಲಿ ಹೆಡ್ ಮೆಕ್ಯಾನಿಕ್ ಆಗಿದ್ದೆ. ಆಗ ಡೀಸೆಲ್ ಕಾರುಗಳು ಅಪರೂಪ. ಹಳೆಯ ವಿದೇಶಿ ಕಾರಿನ ಪೆಟ್ರೋಲ್ ಎಂಜಿನ್ ತೆಗೆದು, ಡೀಸೆಲ್ ಎಂಜಿನ್ ಕೂರಿಸಿ ಟ್ಯಾಕ್ಸಿ ಓಡಿಸುವವರು ಕೆಲವರಿದ್ದರು. ಯಡಿಯೂರಿನ ಮುನಿಯಪ್ಪ ಅವರಲ್ಲೊಬ್ಬ, ನನ್ನ ವಯಸ್ಸಿನವನೇ. ಹೊಲ ಬಡಾವಣೆಗೆ ಹೋದ ಮೇಲೆ ಆ ಕಾರಿನಿಂದಲೇ ಅವನ ಮನೆ ನಡೆಯುತ್ತಿತ್ತು.

ಆ ವರ್ಷ ದೀಪಾವಳಿಗೆ ಮುಂಚೆ ಒಂದು ಬೆಳಿಗ್ಗೆ ಅವನು ಕಾರನ್ನು ತಳ್ಳಿಸಿಕೊಂಡು ಬಂದ. ತಲೆ ಬೋಳಿಸಿದ್ದ. ಆಯುಧಪೂಜೆಯ ಮರುದಿನ ಹೆಂಡತಿ ಪುಟ್ಟತಾಯಮ್ಮನಿಗೆ ಕಾಮಾಲೆ ಕಾಣಿಸಿಕೊಂಡು, ಅದರಲ್ಲೇ ಹೋಗಿಬಿಟ್ಟಿದ್ದಳು. ಅವಳು ಕಾಯಿಲೆ ಬಿದ್ದಾಗಿನಿಂದ ಕಾರು ಮನೆ ಮುಂದೆ ನಿಂತೇ ಇತ್ತು.

“ಸ್ಟಾರ್ಟ್ ಆಗ್ತದೆ ಮೇಸ್ತ್ರಿ, ಒಂದಷ್ಟು ದೂರ ಓಡ್ತದೆ, ಆಮೇಲೆ ಉಸಿರು ಬಿಟ್ಬಿಡ್ತದೆ. ನಾಳೆ ಅಸ್ಥಿ ತಗೊಂಡು ಮೈಸೂರಿನ ಹತ್ರ ಪಶ್ಚಿಮವಾಹಿನಿಗೆ ಹೋಗ್ಬೇಕು.”

“ಬೇರೆ ಗಾಡಿ ನೋಡೋಣ ಬಿಡು.”

“ಊರೋರ್ನೆಲ್ಲ ಕೂರಿಸ್ಕೊಂಡು ಓಡಾಡ್ದೆ. ಅವಳು ಒಂದು ಸಲನಾದ್ರೂ ಮೈಸೂರು ತೋರ್ಸು ಅಂತಿದ್ಲು. ಈಗ್ಲಾದ್ರೂ ನನ್ನ ಗಾಡೀಲೇ ಹೋಗ್ಲಿ.”

ಎಂಜಿನ್ ಹೀಗೆ ನಿಂತರೆ ಮೊದಲ ಅನುಮಾನ ಇಂಧನದ ದಾರಿಯ ಮೇಲೆ. ಫಿಲ್ಟರ್ ಬಿಚ್ಚಿ ತೊಳೆದೆ, ಹೆಚ್ಚು ಕಸವಿರಲಿಲ್ಲ. ಪೈಪಿನೊಳಗೆ ಗಾಳಿ ಸೇರಿದರೂ ಡೀಸೆಲ್ ಎಂಜಿನ್ ಓಡುವುದಿಲ್ಲ. ಪ್ರತಿ ಜಾಯಿಂಟಿಗೂ ಹೊಸ ವಾಷರ್ ಹಾಕಿ, ಕೈಪಂಪ್ ಒತ್ತುತ್ತಾ ಗಾಳಿಯ ಗುಳ್ಳೆಗಳೆಲ್ಲ ಹೊರಬರುವವರೆಗೆ ‘ಬ್ಲೀಡ್’ ಮಾಡಿದೆ. ಟ್ಯಾಂಕಿನಿಂದ ಡೀಸೆಲ್ ಎಳೆದು ಕೊಡುವ ಫೀಡ್ ಪಂಪನ್ನೂ ಬಿಚ್ಚಿ ನೋಡಿದೆ. ಎಲ್ಲ ಸರಿಯಾಗಿತ್ತು.

ಮಧ್ಯಾಹ್ನ ಇಬ್ಬರೂ ಕನಕಪುರ ರಸ್ತೆಯಲ್ಲಿ ಹೊರಟೆವು. ಬನಶಂಕರಿ ಗುಡಿ ದಾಟಿ ರಾಗಿ ಹೊಲಗಳ ನಡುವೆ ಹೋಗುವಾಗ ಕಾರು ಎರಡು ಸಲ ಬಿಕ್ಕಿ ನಿಂತಿತು. ಇಳಿದು ಹಿಂದೆ ಹೋಗಿ ಟ್ಯಾಂಕಿನ ಮುಚ್ಚಳ ತಿರುಗಿಸಿದೆ. ಸುಯ್ಯೆಂದು ಗಾಳಿ ಒಳಗೆ ನುಗ್ಗಿತು. ಕೈಪಂಪ್ ಒತ್ತಿದೊಡನೆ ಎಂಜಿನ್ ಶುರುವಾಯಿತು.

ಟ್ಯಾಂಕಿನಿಂದ ಡೀಸೆಲ್ ಹೊರಟಷ್ಟೂ ಆ ಜಾಗಕ್ಕೆ ಗಾಳಿ ಬರಬೇಕು. ಅದಕ್ಕೆಂದೇ ಮುಚ್ಚಳದ ನಡುವೆ ಸೂಜಿಯಷ್ಟು ತೂತಿರುತ್ತದೆ. ಅದು ಕಟ್ಟಿದರೆ ಪಂಪ್ ಎಳೆದರೂ ಡೀಸೆಲ್ ಬಾರದು. ಈ ಮುಚ್ಚಳದ ನಡುವೆ ಎಣ್ಣೆಯಲ್ಲಿ ಕಲಸಿದ ಅರಿಶಿನ, ಅದರ ಮೇಲೆ ಕುಂಕುಮ ದಪ್ಪಗೆ ಒಣಗಿ ಗಟ್ಟಿಯಾಗಿ ಕೂತಿತ್ತು.

ಮುನಿಯಪ್ಪ ಸ್ವಲ್ಪ ನಕ್ಕ. “ಪೂಜೆ ದಿನ ನಾನು ಬೈದಿದ್ದೆ, ಡೀಸೆಲ್ ಹುಯ್ಯೋ ಜಾಗಕ್ಕೆಲ್ಲ ಯಾಕೆ ಬಳೀತೀಯ ಅಂತ. ‘ಚಕ್ರಕ್ಕೆ ಇಡ್ತೀಯ, ಉಣ್ಣೋ ಬಾಯಿಗೆ ಬ್ಯಾಡ್ವಾ, ನಿಂಗೆ ಊಟ ಹಾಕೋದೇ ಇದು’ ಅಂದ್ಲು.”

ನಾನು ಜೇಬಿನಿಂದ ತಂತಿ ತೆಗೆದೆ. ಅವನು ಮುಚ್ಚಳದ ಮೇಲೆ ಕೈ ಅಡ್ಡ ಇಟ್ಟ.

“ನೋಡು ಮೇಸ್ತ್ರಿ. ಅವಳ ಬೆರಳು.”

ಒಣಗಿದ ಕುಂಕುಮದಲ್ಲಿ ಉಂಗುರದ ಬೆರಳಿನ ಗೆರೆಗಳು ಅಚ್ಚಾಗಿ ಮೂಡಿದ್ದವು.

“ಹೊಸಾ ಮುಚ್ಚಳ ಹುಡುಕಿ ಹಾಕ್ತೀನಿ. ಇದನ್ನ ಮನೇಲಿ ಇಟ್ಕೋ” ಎಂದೆ.

“ಬ್ಯಾಡ. ಗಾಡಿಗೆ ಅಂತ ಇಟ್ಟಿದ್ದಲ್ವಾ? ಗಾಡೀಲೇ ಇರ್ಲಿ.”

ಗ್ಯಾರೇಜಿಗೆ ಮರಳಿ, ಆ ಮುಚ್ಚಳವನ್ನು ಬಟ್ಟೆಯ ಮೇಲೆ ಮಗುಚದೆ ಹಿಡಿದು, ಕುಂಕುಮದಿಂದ ದೂರಕ್ಕೆ, ಅಂಚಿನ ಹತ್ತಿರ ಸಣ್ಣ ಡ್ರಿಲ್ ಬಿಟ್ಟಿನಿಂದ ಇನ್ನೊಂದು ತೂತು ಕೊರೆದೆ. ಲೋಹದ ಪುಡಿ ಒಳಗೆ ಬೀಳದಂತೆ ಒರೆಸಿದೆ. ಸಂಜೆ ಮತ್ತೆ ಅದೇ ರಸ್ತೆಯಲ್ಲಿ ಓಡಿಸಿದೆವು. ಕಾರು ನಿಲ್ಲಲಿಲ್ಲ. ಮರುದಿನ ಅವನು ಪಶ್ಚಿಮವಾಹಿನಿಗೆ ಹೋಗಿ, ಮೈಸೂರನ್ನೂ ಒಂದು ಸುತ್ತು ಹಾಕಿಕೊಂಡು ಬಂದ.

ಕೆಟ್ಟದ್ದನ್ನು ಕಿತ್ತು ಎಸೆಯುವುದೇ ರಿಪೇರಿ ಎಂದು ನಾನು ಕಲಿತಿದ್ದೆ. ಇದ್ದದ್ದನ್ನು ಇದ್ದಹಾಗೇ ಬಿಟ್ಟು, ಉಸಿರಿಗೆ ಬೇರೆ ದಾರಿ ಮಾಡಿಕೊಡುವುದೂ ರಿಪೇರಿಯೇ ಎಂದು ಆ ದಿನ ತಿಳಿಯಿತು.

ಕಳೆದ ತಿಂಗಳು ನನ್ನ ಹೆಂಡತಿ ತೀರಿಕೊಂಡಳು. ನಮ್ಮ ಹಿತ್ತಲ ಬಾಗಿಲಿನ ಚಿಲಕ ಸಡಿಲವಾಗಿ ಅಲ್ಲಾಡುತ್ತದೆಂದು ಅವಳು ಹಳೆ ಸೀರೆಯ ಅಂಚು ಸುತ್ತಿ ಗಂಟು ಹಾಕಿದ್ದಳು. ಆ ಗಂಟು ಅಡ್ಡ ಬಂದು ಈಗ ಚಿಲಕ ಸರಿಯಾಗಿ ಬೀಳುವುದಿಲ್ಲ. ನಿನ್ನೆ ಬಡಗಿ ಬಂದು, ಆ ಬಟ್ಟೆ ಬಿಚ್ಚಲೇ ಎಂದು ಕೇಳಿದ. ಬೇಡ, ಅದರ ಮೇಲ್ಗಡೆ ಇನ್ನೊಂದು ಚಿಲಕ ಹಾಕಪ್ಪ ಎಂದೆ.