ಮೊಸಳೆ ಅನ್ನಿಸಿಕೊಂಡ ಮೀನು

ಅಮ್ಮ ಕುಂದಾಪುರದ ಕಡೆ ಬುಟ್ಟಿ ಹೊತ್ತು ಮೀನು ಮಾರಿ ನನ್ನನ್ನು ಓದಿಸಿದವಳು. ನಮ್ಮ ಮನೆಯಲ್ಲಿ ಡಿಗ್ರಿ ಅಂತ ಮಾಡಿದ್ದು ನಾನೇ ಮೊದಲು. ಆಮೇಲೆ ಭೂವಿಜ್ಞಾನದ ಎಂಎಸ್ಸಿಗೆ ವಡೋದರಕ್ಕೆ ಬಂದರೆ ಪ್ರಾಜೆಕ್ಟಿಗೆ ಸಿಕ್ಕಿದ್ದೂ ಮೀನೇ: ಕ್ಸಿಫ್ಯಾಕ್ಟಿನಸ್. ಡೈನೋಸಾರ್‌ಗಳ ಕಾಲದ್ದು, ಹದಿನೈದು ಅಡಿ ಉದ್ದ, ಎದುರು ಸಿಕ್ಕ ಮೀನನ್ನು ಇಡಿಯಾಗಿ ನುಂಗುತ್ತಿತ್ತು. ಅಮ್ಮನ ಬುಟ್ಟಿಗಂತೂ ಹಿಡಿಯುವಂಥದ್ದಲ್ಲ.

ಅದರ ದವಡೆಯ ಪ್ಲಾಸ್ಟರ್ ಅಚ್ಚನ್ನು ಚಿತ್ರ ಬರೆದುಕೊಳ್ಳಲೆಂದು ಫತೇಗಂಜಿನ ನನ್ನ ಬಾಡಿಗೆ ಕೋಣೆಗೆ ತಂದೆ. ನಾನು ಮಾಸಿ, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಮನೆ ಯಜಮಾನಿ ಬಾಗಿಲಲ್ಲೇ ನಿಂತರು. ಮೀನು, ಮಾಂಸ, ಮೊಟ್ಟೆ ಒಳಗೆ ಬರಕೂಡದು ಎಂದು ಕರಾರಿನಲ್ಲೇ ಬರೆಸಿಕೊಂಡವರು ಅವರು.

“ಇದು ಮಾಛಲಿ ತಾನೇ?”

ಪ್ರಾಜೆಕ್ಟ್ ಒಪ್ಪಿಸಲು ಹತ್ತೇ ದಿನ ಉಳಿದಿತ್ತು. ಈಗ ಕೋಣೆ ಹೋದರೆ ನನ್ನ ಕತೆ ಮುಗಿದಂತೆ. “ಅಲ್ಲ ಮಾಸಿ, ಮೊಸಳೆ” ಅಂದುಬಿಟ್ಟೆ. ಈ ಊರ ನಡುವಿನ ನದಿಯಲ್ಲೇ ಮೊಸಳೆಗಳಿವೆ, ನಂಬುತ್ತಾರೆ ಅಂದುಕೊಂಡೆ. ಅವರು ಪೂಜಿಸುವ ಖೋಡಿಯಾರ್ ಮಾತೆಯ ವಾಹನವೂ ಮೊಸಳೆಯೇ ಎಂದು ನನಗೇನು ಗೊತ್ತು?

ಮರುದಿನ ಕಾಲೇಜಿನಿಂದ ಬಂದರೆ ಕ್ಸಿಫ್ಯಾಕ್ಟಿನಸ್ಸಿನ ಮೂತಿಗೆ ಕುಂಕುಮ, ಕೋರೆಹಲ್ಲಿಗೆ ಚೆಂಡುಹೂವು. ಪಕ್ಕದ ಮನೆಯವರೂ ಕೈಮುಗಿದು ಹೋದರು. ನನಗೆ ದಿನಾ ಗೋಧಿನುಚ್ಚಿನ ಲಾಪಸಿ ಪ್ರಸಾದ, ಮೇಲೆ ತುಪ್ಪ.

ಫೋನಿನಲ್ಲಿ ನಗುನಗುತ್ತಾ ಇದನ್ನೆಲ್ಲ ಹೇಳಿದೆ. ಅಮ್ಮ ನಗಲಿಲ್ಲ.

“ಮೀನನ್ನ ಮೊಸಳೆ ಅಂದ್ಯಾ? ಇದ್ನ್ ಹೇಳುಕಾ ಹೆಣೆ ನೀನ್ ಅಷ್ಟ್ ಓದದ್ದ್?”

ಇದನ್ನು ಹೇಳುವುದಕ್ಕಾ ನಾನು ಅಷ್ಟು ಓದಿದ್ದು? ಯಾವ ಪರೀಕ್ಷಕರ ಪ್ರಶ್ನೆಯೂ ಹಾಗೆ ಚುಚ್ಚಿರಲಿಲ್ಲ. ಬೆಳಿಗ್ಗೆ ಮಾಸಿ ಆರತಿ ತಟ್ಟೆ ಹಿಡಿದು ಬಂದಾಗ ಹೇಳಿಯೇಬಿಟ್ಟೆ. “ಸುಳ್ಳು ಹೇಳಿದ್ದೆ ಮಾಸಿ. ಇದು ಮೀನು. ನಮ್ಮಮ್ಮ ಮೀನು ಮಾರುವವಳು, ನಾನು ಮೀನು ಓದುವವಳು.”

ಮಾಸಿ ತಟ್ಟೆ ಕೆಳಗಿಡಲಿಲ್ಲ. ನಾನು ಮನಸ್ಸಿನಲ್ಲೇ ಗಂಟುಮೂಟೆ ಕಟ್ಟುತ್ತಿದ್ದೆ.

“ಸತ್ತು ಎಷ್ಟು ದಿನ ಆಯ್ತು?”

“ಆರೂವರೆ ಕೋಟಿ ವರ್ಷಕ್ಕೂ ಮೇಲಾಯ್ತು.”

“ನನ್ನ ಮನೆಗೆ ಬಂದಮೇಲೆ ಇದು ಏನಾದ್ರೂ ತಿಂದಿದ್ಯಾ?”

“ಇಲ್ಲ ಮಾಸಿ. ಬರೀ ಪ್ಲಾಸ್ಟರ್ ಇದು.”

“ನೀನು?”

ಅಲ್ಕಾಪುರಿಯ ಹೋಟೆಲಿನಲ್ಲಿ ತಿಂದ ಮೀನು ಫ್ರೈ ನೆನಪಾಯಿತು. “ಈ ಮನೆಯಲ್ಲಿ ತಿಂದಿಲ್ಲ” ಅಂದೆ. ಈ ಸಲ ಒಂದಕ್ಷರವೂ ಸುಳ್ಳಿರಲಿಲ್ಲ.

“ಹಾಗಾದ್ರೆ ಇರಲಿ” ಅಂದರು. ಕೋಣೆ ಉಳಿಯಿತು. ಲಾಪಸಿ ಮಾತ್ರ ಅವತ್ತಿಗೇ ನಿಂತಿತು.